ಹೊಸ ಊರು, ಹೊಸ ಸಾಲಿ: ಇಂಗ್ಲಿಷ್ ಶಿಕ್ಷಕರಿಗೆ ನಾಲ್ಕು ಮಾತು



ನೇಮಕಾತಿ ನಡೆದ ವರ್ಷ ರಾಯಚೂರು ಜಿಲ್ಲೆಯ ಶಾಲೆಗಳಿಗೆ ಹೊಸ ಮುಖಗಳು ಬರುತ್ತವೆ. ಕೌನ್ಸೆಲಿಂಗ್‌ನಲ್ಲಿ ದೇವದುರ್ಗವನ್ನೋ ಮಾನ್ವಿಯನ್ನೋ ಆಯ್ದುಕೊಂಡು, ಆದೇಶದ ಪ್ರತಿಯನ್ನು ಜೋಪಾನವಾಗಿ ಹಿಡಿದು ಬರುವ ತರುಣ ತರುಣಿಯರು ಅವರು. ಇಂಗ್ಲಿಷ್ ಕಲಿಸಲು ಬರುವವರೂ ಅವರಲ್ಲಿ ಇರುತ್ತಾರೆ. ಕೆಲವರ ಊರು ಬೀದರ್, ಕೆಲವರದು ಕೂಡ್ಲಿಗಿ, ಇನ್ನು ಕೆಲವರದು ಹಾಸನ, ಮಂಡ್ಯ, ಶಿವಮೊಗ್ಗದ ಕಡೆ. ಬಂದ ಮೊದಲ ವಾರ ಮನೆಗೆ ಫೋನ್ ಮಾಡಿ, ಬೇರೆ ದೇಶಕ್ಕೆ ಬಂದ ಹಾಗಾಗಿದೆ ಎಂದು ಹೇಳಿಕೊಳ್ಳುತ್ತಾರೆ. ನಾನೂ ತುಂಗಭದ್ರೆಯ ಆಚೆಯಿಂದ ಬಂದು ಇಲ್ಲಿಯೇ ನಿಂತು, ಇಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಇವತ್ತಿನ ನನ್ನ ಮಾತು ಆ ಹೊಸಬರಿಗಾಗಿ, ಅವರನ್ನು ಬರಮಾಡಿಕೊಳ್ಳುವ ಊರಿನ ಹಿರಿಯರಿಗಾಗಿ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಊರಿನಲ್ಲಿ ನೆಲೆ ನಿಲ್ಲದ ಶಿಕ್ಷಕರಿಂದ ಇಂಗ್ಲಿಷ್ ಕಲಿಸುವುದು ಆಗುವುದಿಲ್ಲ. ಮನೆ ಹುಡುಕುವುದು, ನೀರು ಹೊಂದಿಸಿಕೊಳ್ಳುವುದು, ಊರಿನ ಮಾತು ಕಿವಿಗೆ ಹತ್ತುವುದು, ಇವೆಲ್ಲ ಶಿಕ್ಷಕರ ಖಾಸಗಿ ತೊಂದರೆಗಳೆಂದು ನಾವು ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಪಾಠ ಶುರುವಾಗುವುದೇ ಅಲ್ಲಿಂದ.

ಬೇರೆ ದೇಶಕ್ಕೆ ಬಂದ ಹಾಗೆ ಎನ್ನುವ ಮಾತನ್ನು ತಳ್ಳಿಹಾಕಬೇಕಾಗಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ಬೇರೆಯೇ ರಾಜ್ಯವಾಗಿತ್ತು. ಬಳ್ಳಾರಿಯಿಂದಲೋ ಧಾರವಾಡದಿಂದಲೋ ಹೊರಟವರು ಇಲ್ಲಿಗೆ ಬಂದರೆ ಹೈದರಾಬಾದ್ ನಿಜಾಮರ ಸೀಮೆಗೆ ಕಾಲಿಟ್ಟಂತೆ. ಇಲ್ಲಿ ನಡೆಯುತ್ತಿದ್ದ ರೂಪಾಯಿ ಬೇರೆ, ಲಕೋಟೆಗೆ ಹಚ್ಚುವ ಅಂಚೆಚೀಟಿ ಬೇರೆ, ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡ ಆಡುವ ಮಗು ಉರ್ದುವಿನಲ್ಲಿ ಲೆಕ್ಕ ಕಲಿಯಬೇಕಾಗಿದ್ದ ಕಾಲ ಅದು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು. ಅಂದರೆ ಈಗಿನ ಮಕ್ಕಳ ಮುತ್ತಜ್ಜಂದಿರು ಅಕ್ಷರ ಕಲಿತದ್ದೇ ಪರಭಾಷೆಯಲ್ಲಿ. ಬಹಳ ಮಂದಿ ಕಲಿಯದೆಯೇ ಉಳಿದರು. ನಾವು ತರಗತಿಯಲ್ಲಿ ಕಾಣುವ ಹಿಂಜರಿಕೆಗೆ ಈ ಹಿನ್ನೆಲೆ ಇದೆ. ಅದು ಮಕ್ಕಳ ಬುದ್ಧಿಯ ಕೊರತೆ ಎಂದುಕೊಳ್ಳುವವರು ಇತಿಹಾಸವನ್ನು ಓದಿಲ್ಲ ಎಂದೇ ಹೇಳಬೇಕು.

ಅಂಥ ಕಾಲದಲ್ಲಿ ಹೊರಗಿನಿಂದ ಬಂದು ರಾಯಚೂರಿನಲ್ಲಿ ಶಾಲೆ ಕಟ್ಟಿದ ಒಬ್ಬರನ್ನು ಇಲ್ಲಿ ನೆನೆಯಬೇಕು. ಅವರು ಪಂಡಿತ ತಾರಾನಾಥರು. ಹುಟ್ಟಿದ್ದು 1891ರಲ್ಲಿ, ಮಂಗಳೂರಿನ ಕಡೆ, ಮನೆಮಾತು ಕೊಂಕಣಿ. ಹೈದರಾಬಾದಿಗೆ ಓದಲು ಹೋದವರು ರಾಯಚೂರಿಗೆ ಬಂದು, 1920ರ ಸುಮಾರಿಗೆ ಹಮ್‌ದರ್ದ್ ಶಾಲೆಯನ್ನು ಆರಂಭಿಸಿದರು. ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದರು. ಕರಾವಳಿಯ ಮಳೆಯಲ್ಲಿ ಬೆಳೆದ ಒಬ್ಬ ಕೊಂಕಣಿ ತರುಣನಿಗೆ ಈ ಬಿಸಿಲು, ಈ ಕರಿಮಣ್ಣು, ಈ ಉರ್ದು ಆಡಳಿತ, ಈ ಕನ್ನಡ ಎಲ್ಲವೂ ಹೊಸತೇ. ಆದರೂ ಅವರು ಊರಿನವರಾದರು. ಶಾಲೆಗೆ ಉರ್ದುವಿನ ಹೆಸರಿಟ್ಟು, ಹಿಂದೂ ಮುಸ್ಲಿಂ ಎರಡೂ ಮನೆಗಳ ಮಕ್ಕಳಿಗೆ ಅದರ ಬಾಗಿಲು ತೆರೆದರು. ಅವರ ಮಗ ರಾಜೀವ ತಾರಾನಾಥರು ಸರೋದ್ ವಾದನಕ್ಕೆ ಹೆಸರಾದವರು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಾಗಿಯೂ ಹೆಸರಾದವರು. ಹೊರಗಿನಿಂದ ಬಂದ ಒಬ್ಬ ಶಿಕ್ಷಕ ಒಂದು ಊರಿಗೆ ಏನು ಮಾಡಬಲ್ಲ ಎಂದು ಯಾರಾದರೂ ಕೇಳಿದರೆ, ರಾಯಚೂರಿನವರು ಈ ಹೆಸರನ್ನು ಹೇಳಿದರೆ ಸಾಕು.

ಈಗ ಬದುಕಿನ ಮಾತಿಗೆ ಬರುತ್ತೇನೆ. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿ ಕಡೆಯ ಹಳಿ, ಮದರಾಸಿನ ಕಡೆಯ ಹಳಿ ಎರಡೂ ಕೂಡಿದ್ದು ಇಲ್ಲಿಯೇ. ಆದರೆ ರೈಲು ಇಳಿದ ಮೇಲೆ ದೇವದುರ್ಗಕ್ಕೂ ಮಾನ್ವಿಗೂ ಬಸ್ಸೇ ಗತಿ. ಎರಡೂ ಊರು ಹೆಚ್ಚುಕಡಿಮೆ 50 ಕಿಲೋಮೀಟರ್ ದೂರ. ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ. ಹೊಸಬರಲ್ಲಿ ಬಹಳ ಮಂದಿ ರಾಯಚೂರು ನಗರದಲ್ಲಿ ಮನೆ ಮಾಡಿ ದಿನವೂ ಬಸ್ಸಿನಲ್ಲಿ ಓಡಾಡಲು ನೋಡುತ್ತಾರೆ. ಅವರ ಕಷ್ಟ ನನಗೆ ಗೊತ್ತು. ನಗರದಲ್ಲಿ ಆಸ್ಪತ್ರೆ ಇದೆ, ತಮ್ಮ ಮಕ್ಕಳಿಗೆ ಶಾಲೆ ಇದೆ, ಸಂಜೆ ಮಾತಾಡಲು ಜನ ಇದ್ದಾರೆ. ಆದರೆ ಬಸ್ಸಿನ ವೇಳೆಗೆ ಗಂಟು ಬಿದ್ದ ಶಿಕ್ಷಕರಿಗೆ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಸಿಗುವುದಿಲ್ಲ. ಪ್ರಶ್ನೆ ಕೇಳಲು ನಾಚುವ ಹುಡುಗಿ ಹತ್ತಿರ ಬರುವುದು ಆ ಒಂದು ಗಂಟೆಯಲ್ಲಿ. ಸಾಧ್ಯವಾದವರು ತಾಲ್ಲೂಕು ಕೇಂದ್ರದಲ್ಲಾದರೂ, ಇಲ್ಲವೇ ಜಾಲಹಳ್ಳಿ, ಗಬ್ಬೂರು, ಕವಿತಾಳದಂಥ ದೊಡ್ಡ ಊರಿನಲ್ಲಾದರೂ ಮನೆ ಮಾಡಿ ಎಂದು ನಾನು ಹೇಳುತ್ತೇನೆ.

ಮನೆ ಸಿಗುವುದು ಸುಲಭವಲ್ಲ. ಬಾಡಿಗೆ ಎಷ್ಟು ಎನ್ನುವುದಕ್ಕೆ ಮೊದಲೇ, ನೀವು ಯಾವ ಮಂದಿ ಎನ್ನುವ ಪ್ರಶ್ನೆ ಬರುತ್ತದೆ. ದಲಿತ ಶಿಕ್ಷಕರಿಗೆ, ಮುಸ್ಲಿಂ ಶಿಕ್ಷಕರಿಗೆ, ಒಬ್ಬಂಟಿಯಾಗಿ ಇರಬೇಕಾದ ಹೆಣ್ಣುಮಗಳಿಗೆ ಆ ಪ್ರಶ್ನೆ ಬಾಗಿಲು ಮುಚ್ಚಿಬಿಡುತ್ತದೆ. ತನ್ನ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಅಕ್ಷರ ಕಲಿಸಲು ಬಂದವರಿಗೆ ಮಲಗಲು ಒಂದು ಕೋಣೆ ಕೊಡದ ಊರು ಯಾವ ಬಾಯಿಂದ ಒಳ್ಳೆಯ ಇಂಗ್ಲಿಷ್ ಕೇಳುತ್ತದೆ? ಈ ಮಾತನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಶಾಲಾಭಿವೃದ್ಧಿ ಸಮಿತಿಯವರು, ಪಂಚಾಯ್ತಿ ಸದಸ್ಯರು ಮುಂದೆ ನಿಂತು ಒಂದು ಮನೆ ಮಾತಾಡಿಕೊಟ್ಟ ಊರುಗಳೂ ಇವೆ. ಆ ಊರುಗಳಲ್ಲಿ ಶಿಕ್ಷಕರು ನಿಂತಿದ್ದಾರೆ.

ಬಿಸಿಲಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹೆದರಬೇಡಿ, ತಯಾರಾಗಿರಿ. ಮಾರ್ಚ್ ತಿಂಗಳಿಂದ ಬಿಸಿಲು ಏರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹೊರಗಿನ ಕೆಲಸವನ್ನು ಬೆಳಗಿನ ಹತ್ತರೊಳಗೆ ಮುಗಿಸಿಕೊಳ್ಳುವ ಇಲ್ಲಿನವರ ಪದ್ಧತಿಯನ್ನು ನೀವೂ ಹಿಡಿಯಿರಿ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈ ಸೀಮೆಯ ಬಹಳ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಳ್ಳಿ; ಶಾಲೆಯ ಮಕ್ಕಳಿಗೂ ಅದೇ ನೀರು ಸಿಗುವಂತೆ ನೋಡಿಕೊಳ್ಳಿ. ಊಟದ ಚಿಂತೆ ತಿಂಗಳೊಪ್ಪತ್ತಿನಲ್ಲಿ ತೀರುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಒಗ್ಗರಣಿ ಮಿರ್ಚಿ ಒಗ್ಗಿದವರಿಗೆ ರಜೆಯಲ್ಲಿ ತಮ್ಮೂರಿಗೆ ಹೋದಾಗ ಅವೇ ನೆನಪಾಗುತ್ತವೆ.

ಇನ್ನು ತರಗತಿ. ಮಾನ್ವಿಯ ಕಾಲುವೆ ಸೀಮೆಯ ಒಂದು ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯ ನೀರಿಗೆ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಲ್ಲಿಂದ ಬರುವ ಮಗುವಿನ ಮನೆಮಾತು ತೆಲುಗು. ತಾಂಡಾದಿಂದ ಬರುವ ಮಗುವಿನದು ಲಂಬಾಣಿ. ಊರೊಳಗಿನ ಕೆಲವು ಮಕ್ಕಳದು ಉರ್ದು. ಉಳಿದವರದು ರಾಯಚೂರಿನ ಕನ್ನಡ; ಪಠ್ಯಪುಸ್ತಕದ ಕನ್ನಡಕ್ಕೂ ಅದಕ್ಕೂ ಸಾಕಷ್ಟು ಅಂತರವಿದೆ. ಲಂಬಾಣಿ ಮಗು ಮೊದಲು ಊರಿನ ಕನ್ನಡ ಕಲಿತು, ಆಮೇಲೆ ಪುಸ್ತಕದ ಕನ್ನಡ ಕಲಿತು, ಆಮೇಲೆ ನಿಮ್ಮ ಇಂಗ್ಲಿಷಿಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ವಿಷಯ ಶುರುವಾಗಿದೆ. 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದಿವೆ. ಆರು ವರ್ಷದ ಮಗುವಿನ ಮೇಲೆ ಇಷ್ಟು ಭಾಷೆಗಳ ಹೊರೆ ಬೀಳುತ್ತಿರುವಾಗ, ಬಂದ ದಿನವೇ ವ್ಯಾಕರಣದ ಪಟ್ಟಿ ಹಿಡಿದು ನಿಲ್ಲುವುದು ಸರಿಯಲ್ಲ.

ಮೊದಲ ತಿಂಗಳು ಕೇಳಿಸಿಕೊಳ್ಳಿ. ನಿನ್ನೆ ಯಾಕ ಬಂದಿಲ್ಲೋ ಎಂದರೆ, ಹತ್ತಿ ಬಿಡಸಾಕ ಹೋಗಿದ್ದೆರೀ ಎನ್ನುವ ಹುಡುಗನ ಮಾತನ್ನು ತಿದ್ದಲು ಹೋಗಬೇಡಿ. ಅವನಿಗೆ ಅವನ ಕನ್ನಡದಲ್ಲೇ ಉತ್ತರ ಕೊಡಿ. ತನ್ನ ಮಾತಿಗೆ ತರಗತಿಯಲ್ಲಿ ಬೆಲೆ ಇದೆ ಎಂದು ತಿಳಿದ ಮಗು ಎರಡನೆಯ ಭಾಷೆಗೆ ಬಾಯಿ ತೆರೆಯುತ್ತದೆ. ತನ್ನ ಮಾತನ್ನು ಕೇಳಿ ನಕ್ಕ ಶಿಕ್ಷಕರ ಮುಂದೆ ಅದು ಇಂಗ್ಲಿಷನ್ನು ಎಂದೂ ಆಡುವುದಿಲ್ಲ, ಕಾಪಿಬುಕ್ಕಿನಲ್ಲಿ ಮಾತ್ರ ಬರೆಯುತ್ತದೆ. ನಮ್ಮ ಶಾಲೆಗಳಲ್ಲಿ ಮುತ್ತು ಪೋಣಿಸಿದ ಹಾಗೆ ಇಂಗ್ಲಿಷ್ ಅಕ್ಷರ ಬರೆಯುವ ಮಕ್ಕಳು ಸಾಕಷ್ಟು ಇದ್ದಾರೆ. ಬರೆದದ್ದನ್ನು ಓದಿ ಅರ್ಥ ಹೇಳು ಎಂದರೆ ತಲೆ ತಗ್ಗಿಸುತ್ತಾರೆ. ಅಕ್ಷರ ಬಂತು, ಮಾತು ಬರಲಿಲ್ಲ. ಆದ್ದರಿಂದ ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕೊನೆಗೆ ಕೈ. ಈ ಕ್ರಮವನ್ನು ಬಿಡಬೇಡಿ.

ಇಂಗ್ಲಿಷ್ ಈ ಮಕ್ಕಳಿಗೆ ಪೂರ್ತಿ ಅಪರಿಚಿತವೂ ಅಲ್ಲ. ಟ್ರಾಕ್ಟರ್, ಟ್ರೇಲರ್, ಪಂಪ್‌ಸೆಟ್, ಜಿನ್ನಿಂಗ್ ಮಿಲ್, ಕ್ಯಾಂಪ್, ಕಾಲುವೆಯ ಟೇಲೆಂಡ್, ಇವೆಲ್ಲ ಅವರ ಅಪ್ಪಂದಿರು ದಿನವೂ ಆಡುವ ಮಾತುಗಳೇ. ಹತ್ತಿ ಬೀಜದ ಪಾಕೀಟು, ಔಷಧಿ ಡಬ್ಬಿ, ಗೊಬ್ಬರದ ಚೀಲ, ಲಾರಿಯ ಹಿಂಬದಿ, ಎಲ್ಲ ಕಡೆಯೂ ಇಂಗ್ಲಿಷ್ ಅಕ್ಷರಗಳಿವೆ. ಖಾಲಿಯಾದ ಗೊಬ್ಬರದ ಚೀಲ, ಸಾಬೂನಿನ ಹೊದಿಕೆ, ಹಳೆಯ ಬಸ್ ಟಿಕೀಟುಗಳನ್ನು ತರಗತಿಗೆ ತನ್ನಿ. ಔಷಧಿ ಡಬ್ಬಿಯನ್ನು ಮಕ್ಕಳ ಕೈಗೆ ಕೊಡದೆ, ಅದರ ಮೇಲಿನ ಎಚ್ಚರಿಕೆಯ ಮಾತನ್ನು ಬೋರ್ಡಿನ ಮೇಲೆ ಬರೆದು ಓದಿಸಿ. ವಿಷದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಿ ಅಪ್ಪನಿಗೆ ತಿಳಿಸಬಲ್ಲ ಮಗುವಿಗೆ ಇಂಗ್ಲಿಷ್ ಏತಕ್ಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಪುಸ್ತಕದ ಪಾಠಕ್ಕೂ ಊರಿಗೂ ನಂಟು ಹಾಕಿ. ಅಶೋಕನ ಪಾಠ ಬಂದಾಗ, ಅಶೋಕ ಎಂಬ ಹೆಸರು ಬರೆದಿರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಎಂದು ಹೇಳಿ. ಕೋಟೆಯ ಪಾಠ ಬಂದಾಗ, ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನವನ್ನು, ಅದನ್ನು ಬರೆದಿರುವ ಭಾರಿ ಕಲ್ಲನ್ನು ತೋರಿಸಲು ಕರೆದುಕೊಂಡು ಹೋಗಿ. ಆ ಕಲ್ಲಿನ ಬಗ್ಗೆ ಮಗು ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿದರೆ ಅದು ಗೈಡಿನಿಂದ ಬಾಯಿಪಾಠ ಮಾಡಿದ ಮೂವತ್ತು ವಾಕ್ಯಕ್ಕಿಂತ ಮೇಲು.

ಹೊಸಬರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಈ ಸೀಮೆಯ ಗುಳೆ. ಶಾಲೆಯ ಕ್ಯಾಲೆಂಡರ್ ಒಂದು ನಡೆಯುತ್ತದೆ, ಬಡವರ ಕ್ಯಾಲೆಂಡರ್ ಇನ್ನೊಂದು ನಡೆಯುತ್ತದೆ. ಭತ್ತದ ನಾಟಿಗೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಮಕ್ಕಳು ತಾಯಂದಿರ ಜೊತೆ ಹೊಲಕ್ಕೆ ಹೋಗುತ್ತಾರೆ. ದಸರೆ, ದೀಪಾವಳಿ ಕಳೆದ ಮೇಲೆ ದೇವದುರ್ಗದ ತಾಂಡಾಗಳಿಂದ, ಊರ ಕೇರಿಗಳಿಂದ ಮನೆಮಂದಿಯೆಲ್ಲ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಯುಗಾದಿಗೋ ಮೊಹರಂನ ಅಲಾಯಿಗೋ ತಿರುಗಿ ಬರುತ್ತಾರೆ. ಮೂರು ತಿಂಗಳು ಹಾಜರಾತಿಯಲ್ಲಿ ಗೈರು ಬಿದ್ದ ಮಗು ಸೋಮಾರಿಯಲ್ಲ. ಇಟ್ಟಿಗೆಯ ರಾಶಿಯ ಪಕ್ಕ ತಮ್ಮನನ್ನು ಎತ್ತಿಕೊಂಡು ಕುಳಿತಿದೆ.

ಇಂಥ ಮಕ್ಕಳ ವಿಷಯದಲ್ಲಿ ಶಿಕ್ಷಕರು ಮಾಡಬಹುದಾದದ್ದು ಸಾಕಷ್ಟಿದೆ. ಹೋಗುವ ಮುನ್ನ ತಂದೆತಾಯಿಯ ಫೋನ್ ನಂಬರ್ ಬರೆದುಕೊಳ್ಳಿ. ಅಜ್ಜಿಯ ಹತ್ತಿರ ಬಿಟ್ಟುಹೋಗುವಂತೆ ಮಾತಾಡಿ. ಹತ್ತಿರದಲ್ಲಿ ಹಾಸ್ಟೆಲ್ ಇದ್ದರೆ, ವಲಸೆ ಹೋಗುವವರ ಮಕ್ಕಳಿಗೆಂದು ತೆರೆಯುವ ವಸತಿ ಕೇಂದ್ರ ಇದ್ದರೆ ಅಲ್ಲಿಗೆ ಸೇರಿಸಿ. ಕರೆದುಕೊಂಡು ಹೋಗಿಯೇ ತೀರುತ್ತಾರೆಂದರೆ ಎರಡು ಪಾಠವನ್ನಾದರೂ ಕೈಯಲ್ಲಿಟ್ಟು ಕಳಿಸಿ. ತಿರುಗಿ ಬಂದ ದಿನ ಆ ಮಗುವನ್ನು ಎಲ್ಲರ ಮುಂದೆ ಬೈಯಬೇಡಿ. ಬೆಂಗಳೂರಿನಲ್ಲಿ ಏನೇನು ನೋಡಿದೆ, ಏನೇನು ಕೇಳಿದೆ ಎಂದು ವಿಚಾರಿಸಿ. ಸೈಟು, ಸಿಮೆಂಟು, ಲಿಫ್ಟು, ಸೆಕ್ಯುರಿಟಿ ಎಂದು ಅದು ಹೇಳುವ ಒಂದೊಂದನ್ನೂ ಬೋರ್ಡಿನ ಮೇಲೆ ಬರೆಯಿರಿ. ಊರಲ್ಲೇ ಉಳಿದ ಮಕ್ಕಳಿಗಿಂತ ಹೆಚ್ಚು ಇಂಗ್ಲಿಷ್ ಪದಗಳನ್ನು ಅದು ಹೊತ್ತು ತಂದಿದೆ ಎಂದು ಇಡೀ ತರಗತಿಗೆ ಗೊತ್ತಾಗಲಿ. ಅಂಥ ಮಗು ಮರುದಿನವೂ ಶಾಲೆಗೆ ಬರುತ್ತದೆ. ನಾನು ಕಂಡ ಸತ್ಯ ಇದು.

ಈಗ ಸರ್ಕಾರದ, ಸಮಾಜದ ಪಾಲಿನ ಮಾತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದರೆ ರಾಯಚೂರು ಜಿಲ್ಲೆಯದು 60ನ್ನೂ ಮುಟ್ಟಲಿಲ್ಲ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ದೊಡ್ಡ ಪಾಲು ಈ ಭಾಗದವರಿಗೇ ದಕ್ಕಿತು. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾದವು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಹುದ್ದೆ ತುಂಬಿದ ಮಾತ್ರಕ್ಕೆ ತರಗತಿ ತುಂಬುವುದಿಲ್ಲ. ಬಂದವರು ವರ್ಗಾವಣೆಯ ದಾರಿ ನೋಡುತ್ತಾರೆ. ಹೋದವರ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ಕಡಿಮೆ ಸಂಬಳಕ್ಕೆ, ಮುಂದಿನ ವರ್ಷದ ಭರವಸೆಯೂ ಇಲ್ಲದೆ ದುಡಿಯುವ ಆ ಅತಿಥಿ ಶಿಕ್ಷಕರು ಎಷ್ಟೋ ಶಾಲೆಗಳನ್ನು ಉಳಿಸಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಆದರೆ ವರ್ಷಕ್ಕೊಬ್ಬರು ಬದಲಾದರೆ ಮಗುವಿನ ಕಿವಿಗೆ ಒಂದು ಉಚ್ಚಾರ ಗಟ್ಟಿಯಾಗುವುದು ಎಂದು?

ಹೊಸಬರನ್ನು ಬರಮಾಡಿಕೊಳ್ಳುವುದಕ್ಕೆ ಒಂದು ಮಾದರಿ ಹೇಳುತ್ತೇನೆ. ಜಪಾನ್ ದೇಶ 1987ರಿಂದ ಜೆಟ್ ಎಂಬ ಯೋಜನೆಯನ್ನು ನಡೆಸುತ್ತಿದೆ. ಹೊರದೇಶಗಳ ಪದವೀಧರ ತರುಣರನ್ನು ಕರೆಸಿ ತಮ್ಮ ಸಣ್ಣ ಊರುಗಳ ಶಾಲೆಗಳಲ್ಲಿ ಇಂಗ್ಲಿಷ್ ತರಗತಿಗೆ ನೆರವಾಗಲು ನೇಮಿಸುತ್ತಾರೆ. ಬಂದವರಿಗೆ ಮೊದಲು ದೇಶದ ರೀತಿನೀತಿಯ ಪರಿಚಯ ಶಿಬಿರ ನಡೆಯುತ್ತದೆ. ಆಮೇಲೆ ಊರಿನ ಶಿಕ್ಷಣ ಮಂಡಳಿಯೇ ಅವರನ್ನು ಬರಮಾಡಿಕೊಳ್ಳುತ್ತದೆ. ಬಹಳ ಕಡೆ ಮನೆ ಹೊಂದಿಸುವುದರಲ್ಲೂ ಕೈಜೋಡಿಸುತ್ತದೆ. ಪರದೇಶದವರಿಗೆ ಅವರು ಮಾಡುವುದನ್ನು ನಮ್ಮವರಿಗೇ ನಾವು ಯಾಕೆ ಮಾಡಬಾರದು? ಹೊಸ ಶಿಕ್ಷಕರಿಗೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಒಂದು ವಾರದ ಪರಿಚಯ ಶಿಬಿರ ಏರ್ಪಡಿಸಬಹುದು. ತಾಲ್ಲೂಕಿನ ಭಾಷೆಗಳು, ಬೆಳೆಗಳು, ಗುಳೆಯ ತಿಂಗಳುಗಳು, ಹಬ್ಬಗಳು, ಬಸ್ಸಿನ ವೇಳೆ, ಎಲ್ಲವನ್ನೂ ಅಲ್ಲಿ ಹೇಳಬಹುದು. ಹತ್ತು ವರ್ಷ ಇಲ್ಲೇ ಕಲಿಸಿದ ಒಬ್ಬ ಹಿರಿಯರನ್ನು ಒಬ್ಬೊಬ್ಬ ಹೊಸಬರಿಗೆ ಜೊತೆ ಮಾಡಬಹುದು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿಗೆ ಹೋಗುವ ಅವಕಾಶ ದೇವದುರ್ಗದ ಹಳ್ಳಿಯ ಶಿಕ್ಷಕರಿಗೆ ಮೊದಲು ಸಿಗಬೇಕು.

ಹೊಸಬರಲ್ಲಿ ಹೆಣ್ಣುಮಕ್ಕಳಿಗೆ ಒಂದೆರಡು ಮಾತು. ಇಲ್ಲಿ ನಿಮ್ಮನ್ನು ಅಕ್ಕೋರೆ ಎಂದು ಕರೆಯುತ್ತಾರೆ. ಆ ಕರೆಯಲ್ಲಿ ಗೌರವ ಇದೆ, ಸಲಿಗೆಯೂ ಇದೆ. ಊರಿನ ತಾಯಂದಿರು ನಿಮ್ಮ ಹತ್ತಿರ ಹೇಳಿಕೊಳ್ಳುವಷ್ಟನ್ನು ಬೇರೆ ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಏಳನೆಯ ತರಗತಿ ಮುಗಿಸಿದ ಹುಡುಗಿಯ ಮದುವೆಯ ಮಾತು ನಡೆಯುತ್ತಿದ್ದರೆ ಅದು ಮೊದಲು ಗೊತ್ತಾಗುವುದು ನಿಮಗೆ. ಅದನ್ನು ತಡೆಯುವ ಶಕ್ತಿಯೂ ನಿಮಗಿದೆ, ಕಾನೂನೂ ನಿಮ್ಮ ಜೊತೆಗಿದೆ. ಒಬ್ಬಂಟಿತನ ಕಾಡುವ ಸಂಜೆಗಳು ಬರುತ್ತವೆ. ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆಗ ಬಾಗಿಲು ಹಾಕಿಕೊಂಡು ಕೂಡಬೇಡಿ. ಪಕ್ಕದ ಮನೆಯ ಕಟ್ಟೆಗೆ ಹೋಗಿ ಕುಳಿತುಕೊಳ್ಳಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದರೆ ಹೋಗಿ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ಮಕ್ಕಳ ಜೊತೆ ನಿಂತು ನೋಡಿ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿಯ ಸೀಮೆಯಲ್ಲೇ ಇವೆ. ಗಬ್ಬೂರಿನ ಹಳೆಯ ಗುಡಿಗಳು ದೇವದುರ್ಗದ ದಾರಿಯಲ್ಲೇ ಸಿಗುತ್ತವೆ. ಇಂಥ ನೆಲವನ್ನು ಹಿಂದುಳಿದದ್ದು ಎಂಬ ಒಂದೇ ಮಾತಿನಿಂದ ಅಳೆಯಬೇಡಿ. ರಸ್ತೆ, ಆಸ್ಪತ್ರೆ, ಶಾಲೆಗಳಲ್ಲಿ ಇದನ್ನು ಹಿಂದೆ ಉಳಿಸಿದ್ದಾರೆ. ಮಾತಿನಲ್ಲಿ, ಹಾಡಿನಲ್ಲಿ, ಮನುಷ್ಯರ ಅಂತಃಕರಣದಲ್ಲಿ ಇದು ಎಂದೂ ಹಿಂದೆ ಬಿದ್ದಿಲ್ಲ.

ಕೊನೆಯದಾಗಿ ಎರಡು ಬಿನ್ನಹ. ಊರಿನ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು: ನಿಮ್ಮ ಊರಿಗೆ ಹೊಸದಾಗಿ ಬಂದ ಶಿಕ್ಷಕರಿಗೆ ಜಾತಿ ಕೇಳದೆ ಮನೆ ಕೊಡಿ, ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಡಿ, ತಿಂಗಳಿಗೊಮ್ಮೆಯಾದರೂ ಶಾಲೆಗೆ ಹೋಗಿ ಏನು ಬೇಕು ಎಂದು ವಿಚಾರಿಸಿ. ಹೊಸ ಶಿಕ್ಷಕರಲ್ಲಿ ನನ್ನ ಬಿನ್ನಹ: ವರ್ಗಾವಣೆ ನಿಮ್ಮ ಹಕ್ಕು, ಅದನ್ನು ಬಿಟ್ಟುಕೊಡಿ ಎಂದು ನಾನು ಕೇಳುವುದಿಲ್ಲ. ಆದರೆ ಆರನೆಯ ತರಗತಿಯಲ್ಲಿ ನೀವು ಕೈ ಹಿಡಿದ ಮಕ್ಕಳು ಎಂಟನೆಯ ತರಗತಿ ಮುಗಿಸುವವರೆಗೆ, ಆ ಮೂರು ವರ್ಷ, ಅವರ ಜೊತೆ ಇರಿ. ದೇವದುರ್ಗದ, ಮಾನ್ವಿಯ ಮಕ್ಕಳಿಗೆ ಇಂಗ್ಲಿಷ್ ಬರಬೇಕಾದರೆ ಮೊದಲು ಶಿಕ್ಷಕರು ನಿಲ್ಲಬೇಕು.